ಬೆಕ್ಕು ಹರಿದ ಪರದೆ

“ಅಮ್ಮಾ, ಹೊಲೀಬೇಡ! ಸೂಜಿ ಕೆಳಗಿಡು!”

ಮಗಳ ಕೂಗಿಗೆ ಟೈಲರಮ್ಮನ ಕೈ ಅಲ್ಲೇ ನಿಂತಿತು. ತಾರಸಿಯ ಕುಂಬಳಬಳ್ಳಿಗೆ ಹುಳ ತಗಲಬಾರದೆಂದು ಆಕೆ ಸೊಳ್ಳೆಪರದೆಯನ್ನು ಸುತ್ತಲೂ ಇರುವೆ ಕೂಡ ನುಸುಳದಂತೆ ಹೊಲಿದಿದ್ದಳು. ಎಲೆಗಳೇನೋ ತೂತಿಲ್ಲದೆ ನಳನಳಿಸುತ್ತಿದ್ದವು. ಮಿಡಿಗಳು ಮಾತ್ರ ಒಂದೂ ನಿಲ್ಲದೆ ಹಳದಿಯಾಗಿ ಉದುರುತ್ತಿದ್ದವು. ಈಗ ಬಿಟ್ಟಿರುವ ಮಿಡಿಯೂ ಉದುರಿದರೆ ಬಳ್ಳಿಯನ್ನೇ ಕಿತ್ತು ಬಿಸಾಡುತ್ತೇನೆ ಎಂದು ನಿನ್ನೆ ಹೇಳಿಯೂ ಆಗಿತ್ತು. ಬೆಳಿಗ್ಗೆ ನೋಡಿದರೆ ಪಕ್ಕದ ಮನೆ ಬೆಕ್ಕು ಪರದೆಯನ್ನು ಪರಚಿ ಹರಿದಿತ್ತು.

“ತೂತು ಹಾಗೇ ಬಿಟ್ರೆ ಹುಳ ನುಗ್ಗಲ್ವೇನೇ?”

“ನುಗ್ಗಿದೆ! ಅಲ್ನೋಡು!”

ಒಳಹೊಕ್ಕ ಜೇನುಹುಳವೊಂದು ಗಂಡು ಹೂವಿನಲ್ಲಿ ಹೊರಳಾಡಿ, ಮೈತುಂಬ ಹಳದಿ ಪುಡಿ ಮೆತ್ತಿಕೊಂಡು ಎದ್ದಿತು. ಗುಂಯ್‌ಗುಡುತ್ತ ಹೋಗಿ, ಬುಡದಲ್ಲಿ ಗೋಲಿಯಷ್ಟು ಮಿಡಿ ಹೊತ್ತ ಹೆಣ್ಣು ಹೂವಿಗೆ ಇಳಿಯಿತು. ತಾಯಿ ಮಗಳು ಬಗ್ಗಿ ನೋಡಿದರು.

“ಅಯ್ಯಯ್ಯೋ, ಬರೋ ನೆಂಟರಿಗೆ ನಾನೇ ಬಾಗಿಲು ಹಾಕ್ಕೊಂಡು ಕೂತಿದ್ನಲ್ಲೇ!” ಎಂದಳು ತಾಯಿ.

ಹೊಲಿಗೆ ಕೂದಲೆಳೆಯಷ್ಟು ಸೊಟ್ಟಗಾದರೂ ಬಿಚ್ಚಿ ಮತ್ತೆ ಹಾಕುವ ಟೈಲರಮ್ಮ, ಸೂಜಿಯನ್ನು ಸೆರಗಿಗೆ ಸಿಕ್ಕಿಸಿ ಕತ್ತರಿ ಎತ್ತಿಕೊಂಡಳು. ತಾನೇ ಹೊಲಿದ ಪರದೆಯನ್ನು ಮೇಲಿಂದ ಕೆಳಗಿನವರೆಗೆ ಪರ್ರನೆ ಸೀಳಿದಳು.