ಯಾರ ಹಾಸಿಗೆಯ ತಿಗಣೆ

ಬ್ಯಾಗಿನ ಕೊನೆಯ ಜಿಪ್ ಎಳೆದಾಗ ಬಸವಕುಮಾರನಿಗೆ ಸಾಕ್ಷಿ ಸಿಕ್ಕಿತು. ಪತ್ರವಲ್ಲ, ಫೋಟೊ ಅಲ್ಲ. ಹೆಗಲಪಟ್ಟಿಯ ಹೊಲಿಗೆಗುಂಟ ಹರಿಯುತ್ತಿದ್ದ ಒಂದು ತಿಗಣೆ.

ಕಂಪ್ಲಿಯ ತನ್ನ ಅಕ್ಕಿ ಗಿರಣಿಯ ಹಿಂದಿನ ಕೋಣೆಯಲ್ಲಿ, ಕಾವಲುಗಾರ ಮಲಗಲೆಂದು ಇಟ್ಟ ಹೊರಸಿನ ಮೇಲೆ ಹೆಂಡತಿಯ ಪ್ಯಾರಾಚೂಟ್ ಬ್ಯಾಗ್ ಇಟ್ಟುಕೊಂಡು ಅವನು ಬಗ್ಗಿ ನಿಂತಿದ್ದ. ಬೇಸಿಗೆ ಶುರುವಾದಾಗಿನಿಂದ ಪ್ರತಿ ಭಾನುವಾರ ಸಂಜೆ ಇದೇ ಕೆಲಸ. ಮರಿಯಮ್ಮನಹಳ್ಳಿ ಬಯಲಿನಲ್ಲಿ ವಿಮಾನದಿಂದ ಧುಮುಕಿ ದಣಿದ ಕಾವ್ಯಳನ್ನು ಕಾರಿನಲ್ಲಿ ಕರೆತಂದು ಮನೆಗೆ ಬಿಡುವುದು. ಗಿರಣಿ ನೋಡಿ ಬರುತ್ತೇನೆಂದು ಡಿಕ್ಕಿಯ ಬ್ಯಾಗ್ ಸಮೇತ ಇಲ್ಲಿಗೆ ಬರುವುದು. ಎಲ್ಲ ತಡಕಿ, ಮೇಲಿನ ಧೂಳು ಒರೆಸಿ, ಒಯ್ದು ಅದರ ಜಾಗದಲ್ಲಿಡುವುದು.

ಹುಡುಕುತ್ತಿದ್ದದ್ದು ಕನಕರಾಜನ ಗುರುತು. ಕನಕರಾಜ ಅವಳಿಗೆ ಧುಮುಕುವುದನ್ನು ಕಲಿಸುವವ. ಮದುವೆಯಾಗಿಲ್ಲ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಒಂಟಿ ರೂಮು. ಕಾವ್ಯ ದಿನಕ್ಕೆ ಹತ್ತು ಸಲ ‘ಕನಕರಾಜ್ ಸರ್’ ಅನ್ನುತ್ತಾಳೆ. ‘ನಮ್ಮ ಮನೆಯವರು’ ಅಂದದ್ದನ್ನು ಬಸವಕುಮಾರ ಇತ್ತೀಚೆಗೆ ಕೇಳಿಲ್ಲ.

ತಿಗಣೆ ಹಾರಿ ಬರುವ ಹುಳುವಲ್ಲ. ಹಾಸಿಗೆಯಿಂದ ಬರುತ್ತದೆ. ಅವನ ಮನೆಯಲ್ಲಿ ಅದರ ಸುಳಿವಿಲ್ಲ. ತಾಯಿ ಎರ್ರಮ್ಮ ವಾರಕ್ಕೊಮ್ಮೆ ಹಾಸಿಗೆ ಬಡಿದು ಕೊಡವುವವಳು. ಹಾಗಾದರೆ ಈ ಬ್ಯಾಗ್ ಯಾರ ಹಾಸಿಗೆಯ ಮೇಲೆ ಬಿದ್ದಿತ್ತು? ಅದರ ಪಕ್ಕದಲ್ಲಿ ಯಾರಿದ್ದರು?

ಹೊರಗೆ ಕಾವಲುಗಾರ ಉಚ್ಚೆಂಗಪ್ಪ ಕಲ್ಲಿನ ಮೇಲೆ ಟವೆಲು ಹಾಸುತ್ತಿದ್ದ.

“ಒಳಗ ಬಂದು ಮಲ್ಕೋ ಲೇ. ನನ್ನ ಕೆಲಸ ಮುಗೀತು.”

“ಬ್ಯಾಡ್ರಿ ಸಾವ್ಕಾರ್ರ. ನನಗ ಕಲ್ಲೇ ಚಲೋ. ತಂಪಿರ್ತೈತಿ.”

ಮರುದಿನ ಕಾವ್ಯ ಪ್ಯಾರಾಚೂಟ್ ಮಡಚಲು ಪಡಸಾಲೆಯಲ್ಲಿ ಹರವಿದಾಗ ತಿಗಣೆಗಳು ಅವಳ ಕಣ್ಣಿಗೂ ಬಿದ್ದವು. ಎರ್ರಮ್ಮ ಮೂಗು ಮುರಿದಳು.

“ಬಿಸಿಲಿಗೆ ಹಾಕವ್ವ. ಇಲ್ಲಂದ್ರ ಕುದಿಯೋ ನೀರು ಹೊಯ್ಯಿ. ನಾವೆಲ್ಲ ಹಂಗ ಮಾಡಿದವ್ರು.”

“ಬಿಸಿಲಿಗೆ ಈ ಬಟ್ಟಿ ಸವೀತೈತ್ರಿ ಅತ್ತಿ. ಔಷಧಿ ಹೊಡದ್ರೂ ಅಷ್ಟೇ. ಮ್ಯಾಲಿಂದ ಬೀಳೋವಾಗ ನನ್ನ ಹಿಡಿಯೋದು ಇದೊಂದೇ.”

“ಮತ್ತ ಮುತ್ತು ಕೊಡ್ತೀಯೇನು ಅವಕ್ಕ?”

“ಪ್ಲಾಸ್ಟಿಕ್ ಚೀಲದಾಗ ಗಾಳಿ ಆಡದಂಗ ಕಟ್ಟಿ, ಐಸ್‌ಕ್ರೀಮ್ ಇಡೋ ಡೀಪ್ ಫ್ರೀಜರಿನಾಗ ಇಡಬೇಕ್ರಿ, ಐದು ದಿನ. ಹೊರಗ ತಗದ ಮ್ಯಾಲೂ ಚಳಿ ಬಿಡೋತನಕ ಚೀಲ ಬಿಚ್ಚಂಗಿಲ್ಲ, ಬಟ್ಟಿ ಬೆವರ್ತೈತಿ. ಕನಕರಾಜ್ ಸರ್‌ಗೆ ಫೋನ್ ಮಾಡಿದ್ದೆ. ಅವರ ರೂಮಿನ ಕೆಳಗೇ ಐಸ್‌ಕ್ರೀಮ್ ಅಂಗಡಿ ಐತಂತ.”

ಅವನ ರೂಮಿನ ಕೆಳಗೇ.

“ಎಲ್ಲಿಂದ ಬಂದ್ವು ಇವು?” ಬಸವಕುಮಾರ ಕೇಳಿದ.

ಕಾವ್ಯ ಒಂದು ಮಡಿಕೆಯೊಳಗೆ ಬೆರಳಾಡಿಸಿ, ಬೆರಳನ್ನೇ ನೋಡಿಕೊಂಡಳು. “ಗೊತ್ತೈತಿ. ಈಗ ಹೇಳಂಗಿಲ್ಲ. ಮೊದ್ಲ ಅವು ಸಾಯ್ಲಿ.”

ಬಸವಕುಮಾರ ಕಾರಿನ ಚಾವಿ ಎತ್ತಿಕೊಂಡ. “ನಾನೇ ಒಯ್ದು ಇಟ್ಟು ಬರ್ತೀನಿ,” ಎಂದ.

ದಾರಿಯಲ್ಲಿ ಗಿರಣಿಗೆ ಹೊಕ್ಕ. ಭತ್ತ ಒಣಗಿಸುವ ಸಿಮೆಂಟಿನ ಕಣ ಬೆಂಕಿಯಂತೆ ಕಾದಿತ್ತು. ಬ್ಯಾಗನ್ನು ಫ್ರೀಜರಿಗೆ ಒಯ್ಯದೆ ವಾರವಿಡೀ ಇಲ್ಲೇ ಹರವಿಟ್ಟರೆ? ಬಟ್ಟೆಯ ಬಲ ಹೋಗುತ್ತದೆ. ಕನಕರಾಜ ಎಳೆದು ನೋಡಿ, ಇದು ಇನ್ನು ಕೆಲಸಕ್ಕೆ ಬರುವುದಿಲ್ಲ ಅನ್ನುತ್ತಾನೆ. ಅವಳ ಧುಮುಕಾಟ ಮುಗಿಯುತ್ತದೆ, ‘ಸರ್’ ಕೂಡ ಮುಗಿಯುತ್ತಾನೆ.

ಚೀಲದ ಗಂಟಿಗೆ ಕೈ ಹಾಕಿದ. ಕನಕರಾಜ ಎಳೆದು ನೋಡದೇ ಹೋದರೆ? ಆಕಾಶದಿಂದ ಕೆಳಗೆ ಬರುತ್ತಿರುವ ಕಾವ್ಯಳ ಮುಖ ಕಣ್ಮುಂದೆ ಬಂತು. ಕೈ ಹಿಂದೆ ತೆಗೆದ. ಸಿಟ್ಟಿನಿಂದಲೇ ಕಾರು ಹತ್ತಿ ಚಿತ್ತವಾಡ್ಗಿಗೆ ಹೋಗಿ, ಅವಳು ಹೇಳಿದಂತೆಯೇ ಚೀಲವನ್ನು ಫ್ರೀಜರಿನಲ್ಲಿಟ್ಟ.

ಆಮೇಲೆ ಮೆಟ್ಟಿಲು ಹತ್ತಿದ. ಕನಕರಾಜ ಅವನನ್ನು ಕೂರಿಸಿ, ನೀರು ತರಲು ಅಡುಗೆಮನೆಗೆ ಹೋದ. ಬಸವಕುಮಾರ ಥಟ್ಟನೆ ಹಾಸಿಗೆಯ ಮೂಲೆ ಎತ್ತಿದ. ಒಂದೂ ಇಲ್ಲ. ಇನ್ನೊಂದು ಮೂಲೆ ಎತ್ತಿದ.

“ಏನರ ಬಿತ್ತೇನ್ರಿ?” ಬಾಗಿಲಲ್ಲಿ ನೀರಿನ ಲೋಟ ಹಿಡಿದು ಕನಕರಾಜ ನಿಂತಿದ್ದ.

“ಕಾರಿನ ಚಾವಿ.”

“ನಿಮ್ಮ ಕೈಯಾಗೇ ಐತಲ್ರಿ.”

ಕೆಳಗಿಳಿಯುವಾಗ ಬಸವಕುಮಾರನ ಅನುಮಾನ ಮತ್ತಷ್ಟು ಗಟ್ಟಿಯಾಗಿತ್ತು. ಒಂಟಿ ಗಂಡಸಿನ ಹಾಸಿಗೆ ಇಷ್ಟು ಚೊಕ್ಕಟ ಇರುವುದುಂಟೆ? ಫೋನ್ ಬಂದ ಕೂಡಲೇ ಒಪ್ಪ ಮಾಡಿದ್ದಾನೆ.

ವಾರವಿಡೀ ಅವನು ಸರಿಯಾಗಿ ಉಣ್ಣಲಿಲ್ಲ. ಒಂದನ್ನು ಮಾತ್ರ ನಿಶ್ಚಯಿಸಿಕೊಂಡ. ತಿಗಣೆ ಸತ್ತ ಮೇಲೆ ಕೇಳುವುದು. ಅವಳ ಬಾಯಲ್ಲಿ ಆ ಹೆಸರು ಬಂದರೆ, ಅಲ್ಲಿಂದಲೇ ಸೀದಾ ಸಂಡೂರಿನ ತವರಿಗೆ ಬಿಟ್ಟು ಬರುವುದು. ಮತ್ತೆ ಕರೆಯಲು ಹೋಗುವುದಿಲ್ಲ.

ಭಾನುವಾರ ಮರಿಯಮ್ಮನಹಳ್ಳಿ ಬಯಲಿನಲ್ಲಿ ವಿಮಾನ ಕಾಯುತ್ತಿತ್ತು. ಚಳಿ ಬಿಟ್ಟ ಬಟ್ಟೆಯನ್ನು ಕಾವ್ಯ ಇಂಚಿಂಚೂ ನೋಡಿ ಮಡಚಿ, ಬ್ಯಾಗ್ ಬೆನ್ನಿಗೇರಿಸಿದ್ದಳು. ತಿಗಣೆಗಳೆಲ್ಲ ಸತ್ತಿದ್ದವು. ಬಟ್ಟೆಗೆ ಏನೂ ಆಗಿರಲಿಲ್ಲ.

“ಈಗರ ಹೇಳು,” ಅವನ ದನಿ ಒಡೆದಿತ್ತು. “ಯಾರ ಹಾಸಿಗಿ ಮ್ಯಾಲ ಇಟ್ಟಿದ್ದಿ ಇದನ್ನ?”

ಅವಳು ಎದೆಯ ಪಟ್ಟಿ ಬಿಗಿದಳು. ಅವನ ಮುಖ ನೋಡಿ, ಬೈಯಬೇಕೆಂದಿದ್ದವಳು ಬೈಯಲಿಲ್ಲ.

“ಮಡಿಕಿ ಒಳಗೆಲ್ಲ ತೌಡು ಸಿಕ್ತು ನನಗ. ಕನಕರಾಜ್ ಸರ್ ರೂಮಿನಾಗ ಅಕ್ಕಿ ಗಿರಣಿ ಇಲ್ರಿ. ಇನ್ನೊಮ್ಮೆ ಹುಡುಕೋದಿದ್ರ ಆ ಹೊರಸಿನ ಮ್ಯಾಲ ಮಾತ್ರ ಇಡಬ್ಯಾಡ್ರಿ. ತಗಣಿಗೆ ಅಂಜಿ ಉಚ್ಚೆಂಗಪ್ಪನೇ ಅದರ ಮ್ಯಾಲ ಮಲಗಂಗಿಲ್ಲ.”