ಮೇಷ್ಟ್ರಿಗೊಂದು ಯೋಯ್ಕ್

ಹೊಸ ಮೇಷ್ಟ್ರು ಟೋರ್ಗೈರ್ ತಾನೇ ಕಟ್ಟಿಕೊಂಡ ತನ್ನ ಯೋಯ್ಕನ್ನು ಹಾಡಿ ಮುಗಿಸಿ ಕಣ್ಣು ತೆರೆದಾಗ ಏಳನೇ ತರಗತಿಯ ಮಕ್ಕಳೆಲ್ಲ ತಲೆ ತಗ್ಗಿಸಿ ಕೂತಿದ್ದರು. ಭಕ್ತಿ ಇರಬೇಕು ಎಂದುಕೊಂಡ. ಉತ್ತರ ನಾರ್ವೆಯ ಈ ಸಾಮಿ ಜನರಲ್ಲಿ ಪ್ರತಿಯೊಬ್ಬರಿಗೂ ಒಂದು ಯೋಯ್ಕ್ ಇರುತ್ತದೆ, ಮಾತು ಕಡಿಮೆ, ರಾಗವೇ ಹೆಚ್ಚು, ಕೇಳಿದರೆ ಆ ಮನುಷ್ಯನೇ ಎದುರು ಬಂದು ನಿಲ್ಲಬೇಕು ಎಂದು ಅವನು ಬರ್ಗೆನ್ ನಗರದ ಶಿಕ್ಷಕರ ತರಬೇತಿಯಲ್ಲಿ ಕಲಿತು ಬಂದಿದ್ದ. ಮಕ್ಕಳ ಸಂಸ್ಕೃತಿಯೇ ಪಾಠದ ಬುನಾದಿಯಾಗಬೇಕು ಎಂಬುದು ಆ ತರಬೇತಿಯ ಸಾರ. ಇವರ ಅಜ್ಜಂದಿರು ಶಾಲೆಯಲ್ಲಿ ಯೋಯ್ಕ್ ಗುನುಗಿದ್ದಕ್ಕೆ ಬೈಸಿಕೊಂಡವರು. ಆ ಪಾಪವನ್ನೆಲ್ಲ ಒಂದೇ ಪೀರಿಯಡ್ಡಿನಲ್ಲಿ ತೊಳೆದುಬಿಡುವ ಹುಮ್ಮಸ್ಸು ಅವನಿಗೆ.

ಹಿಂದಿನ ಬೆಂಚಿನಲ್ಲಿ ಮುಖ್ಯೋಪಾಧ್ಯಾಯಿನಿ ರಾವ್ನಾ ಕೂತಿದ್ದರು. ಅವನನ್ನು ಮುಂದಿನ ವರ್ಷ ಉಳಿಸಿಕೊಳ್ಳಬೇಕೋ ಬೇಡವೋ ಎಂಬುದು ಇವತ್ತೇ ತೀರ್ಮಾನ. ಈ ವರ್ಷ ಶಾಲೆ ಶುರುವಾದಾಗಿನಿಂದ ಈ ಮಕ್ಕಳು ಅವನ ಪಾಠದಲ್ಲಿ ಬಾಯಿ ಬಿಟ್ಟವರಲ್ಲ. ಅವನಿಗೋ ಊರು ನಿಜಕ್ಕೂ ಹಿಡಿಸಿತ್ತು. ಹಿಮಸಾರಂಗದ ಸಾರು ಮಾಡುವುದನ್ನೂ ಕಲಿತಿದ್ದ, ಉಣ್ಣಲು ಬರುವವರು ಸಿಕ್ಕಿರಲಿಲ್ಲ ಅಷ್ಟೆ.

"ಈಗ ನಿಮ್ಮ ಸರದಿ. ಯಾರು ಮೊದಲು ತಮ್ಮ ಯೋಯ್ಕ್ ಹಾಡ್ತೀರಿ? ಸಂಕೋಚ ಆಗ್ತಿದೆ, ಅಲ್ವಾ? ಸಹಜ ಬಿಡಿ."

ರಾವ್ನಾ ಗಂಟಲು ಸರಿಮಾಡಿಕೊಂಡರು. "ಟೋರ್ಗೈರ್, ನಮ್ಮಲ್ಲಿ ತನ್ನ ಯೋಯ್ಕ್ ತಾನೇ ಕಟ್ಕೊಂಡು ಹಾಡಲ್ಲ. ಅದನ್ನ ಬೇರೆಯವರು ಕೊಡ್ಬೇಕು. ಇದು ನಿನ್ನ ಬೆನ್ನು ನೀನೇ ತಟ್ಕೊಂಡ ಹಾಗಾಯ್ತು ಕಣಪ್ಪಾ."

"ಅದೂ ರಾಗವಾಗಿ," ಎಂದ ಮೂಲೆಯಲ್ಲಿದ್ದ ಹುಡುಗ ಆಂತೆ. ಇಡೀ ತರಗತಿಯ ಭುಜಗಳು ಕುಲುಕಿದವು. ತಲೆ ತಗ್ಗಿದ್ದು ಭಕ್ತಿಗಲ್ಲ ಎಂದು ಆಗ ತಿಳಿಯಿತು. ಟೋರ್ಗೈರನ ಕಿವಿ ಬಿಸಿಯಾಯಿತು. ಹಾಡಿನಲ್ಲಿ ಅವನು ತನ್ನನ್ನು ಹದ್ದಿಗೆ ಹೋಲಿಸಿಕೊಂಡಿದ್ದ. ತೋಳು ಬೀಸಿ ಹಾರಿಯೂ ತೋರಿಸಿದ್ದ.

"ಹಾಗಾದ್ರೆ ನನಗೆ ಯೋಯ್ಕೇ ಇಲ್ಲ ಅನ್ನಿ," ಎಂದ, ಸೋತ ದನಿಯಲ್ಲಿ.

"ಇದೆ," ಎಂದಳು ಕಿಟಕಿ ಪಕ್ಕದ ರಿಸ್ತೆನ್. ಗುಟ್ಟು ಬಿಟ್ಟುಕೊಟ್ಟಳಲ್ಲ ಎಂದು ಉಳಿದವರು ಅವಳನ್ನು ದುರುಗುಟ್ಟಿ ನೋಡಿದರು. "ನಾವು ಕಟ್ಟಿ ಆಗ್ಲೇ ತುಂಬಾ ದಿನ ಆಯ್ತು. ಬಸ್ಸಲ್ಲಿ ಹಾಡ್ತೀವಿ."

ಅವಳು ಶುರುಮಾಡಿದಳು, ಒಬ್ಬೊಬ್ಬರಾಗಿ ಎಲ್ಲರೂ ಸೇರಿಕೊಂಡರು. ರಾಗ ಏರುತ್ತ ಹೋಗಿ ತುದಿಯಲ್ಲಿ ಕೊಂಚ ಕೊಂಕುತ್ತಿತ್ತು. ಅದು ಮುಗಿಯುವ ಮೊದಲೇ ಪಟಪಟನೆ ಕೆಳಗಿಳಿಯುತ್ತಿತ್ತು. ಮತ್ತೆ ಏರು, ಮತ್ತೆ ಇಳಿತ, ನಡುವೆ ಉಸಿರೇ ಇಲ್ಲ. ರಾವ್ನಾ ಬಾಯಿಗೆ ಕೈ ಅಡ್ಡ ಹಿಡಿದರು. ಟೋರ್ಗೈರನಿಗೆ ಅನುಮಾನ ಉಳಿಯಲಿಲ್ಲ. ರಾಗದಲ್ಲಿ ಮೂಡಿ ತರಗತಿಯ ನಡುವೆ ಅವನೇ ನಿಂತಿದ್ದ, ಬೆರಳೆತ್ತಿಕೊಂಡು. ಅವನ ಕಣ್ಣು ತುಂಬಿ ಬಂತು. ಇಷ್ಟು ದಿನ ಈ ಮಕ್ಕಳು ಅವನ ಮಾತನ್ನು ಕಿವಿಗೊಟ್ಟು ಕೇಳಿದ್ದರು.

"ಮುಗೀತಲ್ಲ, ಇನ್ನು ನಿನ್ನನ್ನ ಕಳಿಸೋ ಹಾಗಿಲ್ಲ," ಎಂದರು ರಾವ್ನಾ. "ಯೋಯ್ಕ್ ಸಿಕ್ಕವನು ಊರಿನವನಾದ ಹಾಗೆ."

ಅವನ ಹಿಗ್ಗಿಗೆ ಮಿತಿಯಿರಲಿಲ್ಲ. "ಆ ಏರು ನನ್ನ ಪ್ರಶ್ನೆ, ಅಲ್ವಾ? ಹೌದು, ಪ್ರಶ್ನೆಯೇ. ಇಳಿಯೋದು ನನ್ನದೇ ಉತ್ತರ. ಸೊಗಸಾಗಿದೆ. ಆದ್ರೆ ನೀವು ಉತ್ತರ ಹೇಳೋ ಜಾಗ ಇದ್ರಲ್ಲಿ ಎಲ್ಲಿದೆ? ಬಹುಶಃ..."

ಅವನು ಮುಗಿಸಲೆಂದು ರಿಸ್ತೆನ್ ಮರ್ಯಾದೆಯಿಂದ ಕಾದಳು. ಅವನು ಅಲ್ಲಿಗೇ ನಿಲ್ಲಿಸಿ ಅವಳತ್ತ ನೋಡಿದ.

"ನಾವೂ ತುಂಬಾ ಹುಡುಕಿದ್ವಿ," ಎಂದಳು. "ಸಿಗಲಿಲ್ಲ."