ಓಣಿ ಬದಿಯ ತಟ್ಟಿ

ಹಬೀಬಾ ತೊಟ್ಟಿಯಲ್ಲಿ ನೆನೆದಿದ್ದ ತೆಂಗಿನ ಮಡಲುಗಳನ್ನು ಒಂದೊಂದಾಗಿ ಎಳೆದು, ನೀರು ಜಾಡಿಸಿ, ಅಂಗಳದಲ್ಲಿ ಒಟ್ಟುತ್ತಿದ್ದಳು. ಎದುರಿಗೆ ಅತ್ತೆ ಬೀಫಾತಿಮ್ಮ ಕತ್ತಿ ಹಿಡಿದು ಅವುಗಳ ದಿಂಡನ್ನು ಉದ್ದಕ್ಕೆ ಸೀಳುತ್ತಿದ್ದಳು. ನಿನ್ನೆ ಸಂಜೆಯಿಂದ ಇಬ್ಬರ ನಡುವೆ ಒಂದು ಮಾತಿಲ್ಲ.

ನಾಳೆ ಫುಟ್ಬಾಲ್ ಫೈನಲ್. ಮನೆಯ ಹಿಂದಿನ ಓಣಿ ದಾಟಿದರೆ ಮೈದಾನ. ಟಿಕೇಟಿಲ್ಲದವರಿಗೆ ಆಟ ಕಾಣದಂತೆ ಅದರ ಸುತ್ತ ಮಡಲಿನ ತಟ್ಟಿ ಕಟ್ಟುವ ಗುತ್ತಿಗೆ ಹಬೀಬಾಳ ಮಾವ ಜಮಾಲುದ್ದೀನನದು. ತಟ್ಟಿ ಹೆಣೆಯುವುದು ಮನೆಯ ಹೆಂಗಸರು; ಮೈದಾನದೊಳಗೆ ಅವರಿಗೆ ಪ್ರವೇಶವಿಲ್ಲ. ಓಣಿ ಬದಿಯ ಇಪ್ಪತ್ತು ತಟ್ಟಿಗಳು ಇವತ್ತು ಹೊಸದಾಗಿ ಆಗಬೇಕಿತ್ತು. ಹಳೆಯವು ನಿನ್ನೆ ನೆಲ ಕಚ್ಚಿದ್ದವು.

ನಿನ್ನೆಯ ಸೆಮಿಫೈನಲಿನಲ್ಲಿ, ಅರ್ಧ ಆಟ ಮುಗಿದ ಮೇಲೆ, ಓಣಿಯ ಪೋಲಿಗಳಿಗೆ ತಟ್ಟಿಯಲ್ಲಿ ಎರಡು ತೂತು ಕಂಡವು. ಹತ್ತು ಜನ ಬಗ್ಗಿ ಇಣುಕಿದರು. ಹಿಂದಿನಿಂದ ನಲವತ್ತು ಜನ ಒತ್ತಿದರು. ಕಂಬ, ಹಗ್ಗ, ತಟ್ಟಿ ಎಲ್ಲ ಸೇರಿ, ನಾಲ್ಕಾಣೆ ಕೊಟ್ಟು ಬೆಂಚಿನಲ್ಲಿ ಕೂತವರ ತಲೆಯ ಮೇಲೆ ಬಿತ್ತು. ಬಂದರಿನ ತಂಡ ಗೆಲುವಿನ ಗೋಲು ಹೊಡೆದಾಗ ಬೆಂಚಿನವರು ಮಡಲಿನ ಅಡಿಯಲ್ಲಿದ್ದರು. ಎದ್ದವರೇ ಬೆಂಚು ಮುರಿದರು. ಒಬ್ಬ ಮುದುಕನ ಹಣೆ ಒಡೆಯಿತು. ಕಮಿಟಿಯವರು ಜಮಾಲುದ್ದೀನನ ಮುಖದ ಮೇಲೆ ಬೆರಳು ತೋರಿಸಿ ಮಾತಾಡಿದರು.

ಹಬೀಬಾಳ ಗಂಡ ರವೂಫ್ ಬಂದರಿನ ತಂಡದ ಆಟಗಾರ. ನಿನ್ನೆ ಸಂಜೆ ಅವನು ಕುಂಟುತ್ತಾ ಬಂದು ಜಗಲಿಯಲ್ಲಿ ಕೂರುವ ಮೊದಲೇ ಒಲೆಯ ಮೇಲೆ ಎಣ್ಣೆ ಬಿಸಿಯಾಗಿತ್ತು.

"ಎಣ್ಣೆ ಕಾಯಿಸ್ಲಿಕ್ಕೆ ಯಾರು ಹೇಳಿದ್ದು?" ಎಂದು ಬೀಫಾತಿಮ್ಮ ಕೇಳಿದ್ದಳು.

ಹಬೀಬಾ ಒಲೆಯ ಕಡೆ ತಿರುಗಿ ಕಟ್ಟಿಗೆ ಹಿಂದಕ್ಕೆ ಎಳೆದಿದ್ದಳು.

"ಹೇಳದೆಯೇ ಎಲ್ಲ ಗೊತ್ತಾಗುವ ಸೊಸೆ. ನನ್ನ ಪುಣ್ಯ!" ಅತ್ತೆ ಎಣ್ಣೆಯ ಬಟ್ಟಲು ಕಿತ್ತುಕೊಂಡು ಹೋಗಿ ತಾನೇ ಮಗನ ಎಡ ಮೊಣಕಾಲಿಗೆ ಹಚ್ಚಿದ್ದಳು. ಮಾತು ನಿಂತದ್ದು ಆಗ.

ಈಗ ಹಿತ್ತಿಲ ಬಾಗಿಲು ಧಡಾರನೆ ತೆರೆಯಿತು. ಜಮಾಲುದ್ದೀನ್ ಒಂದು ಕೈಯಲ್ಲಿ ಮುರಿದ ತಟ್ಟಿಯನ್ನೂ ಇನ್ನೊಂದು ಕೈಯಲ್ಲಿ ಅಣ್ಣುವಿನ ರಟ್ಟೆಯನ್ನೂ ಹಿಡಿದು ಎಳೆದುಕೊಂಡು ಬಂದ. ಅಣ್ಣು ಹೊಳೆಯಾಚೆಯ ಬೆಂಗ್ರೆಯವನು. ದಿನಾ ದೋಣಿಯಲ್ಲಿ ದಾಟಿ ಬಂದು ಮೈದಾನಕ್ಕೆ ತಟ್ಟಿ ಕಟ್ಟುವ ಆಳು. ನಾಳೆ ಬಂದರಿನವರ ಎದುರು ಆಡುವುದೂ ಬೆಂಗ್ರೆಯ ತಂಡವೇ.

"ನಿನ್ನ ಊರಿನವರಿಗೆ ಪುಕ್ಕಟೆ ಮ್ಯಾಚು ತೋರಿಸ್ಲಿಕ್ಕೆ ನನ್ನ ತಟ್ಟಿಯೇ ಬೇಕಾಯ್ತಾ?"

"ನಮ್ಮವರು ಟಿಕೇಟು ತಗೊಂಡೇ ಬಂದದ್ದು ಸಾಹುಕಾರ್ರೆ. ತಟ್ಟಿಯ ಅಡಿಗೆ ಬಿದ್ದವರಲ್ಲಿ ನನ್ನ ಭಾವನೂ ಉಂಟು."

"ಚೂರಿ ಎಲ್ಲಿ ಬಿಸಾಡಿದ್ದು?"

"ಎಂತ ಚೂರಿ ಮಾರಾಯ್ರೆ? ಕೊಯ್ದ ಗುರುತು ಎಲ್ಲುಂಟು ಇದರಲ್ಲಿ? ಮತ್ತೆ ನೋಡಿ, ತೂತು ನನ್ನ ಎದೆಯ ಹತ್ರ ಬರ್ತದೆ. ನಾನು ಮಾಡುದಾದ್ರೆ ಕಣ್ಣಿನ ಎತ್ತರಕ್ಕೆ ಮಾಡುದಿಲ್ವಾ?"

"ಸಂಶಯ ಬಾರದ ಹಾಗೆ ಕೆಳಗೆ ಮಾಡಿದ್ದು ನೀನು. ನಡಿ ಸ್ಟೇಷನ್ನಿಗೆ."

ಅಣ್ಣು ಕೈ ಮುಗಿದ. "ಬೇಡ ಸಾಹುಕಾರ್ರೆ. ಮನೆಯಲ್ಲಿ ಆರು ಹೊಟ್ಟೆ ಉಂಟು. ಸ್ಟೇಷನ್ ಮೆಟ್ಟಿಲು ಹತ್ತಿದವನನ್ನು ಆಮೇಲೆ ಯಾರು ಕೆಲಸಕ್ಕೆ ಕರೀತಾರೆ?"

ಹಬೀಬಾ ಬೆನ್ನು ತಿರುಗಿಸಿ ತೊಟ್ಟಿಯೊಳಗೆ ಕೈ ಹಾಕಿದಳು. ಅಲ್ಲಿ ಇನ್ನು ಮಡಲು ಇರಲಿಲ್ಲ.

"ಸ್ಟೇಷನ್ ಇವತ್ತು ಬೇಡ," ಎಂದಳು ಬೀಫಾತಿಮ್ಮ. ಕತ್ತಿ ಅವಳ ಕೈಯಲ್ಲೇ ಇತ್ತು. "ಸಾಕ್ಷಿ ಎಲ್ಲಿ ಅಂತ ಕೇಳ್ತಾರೆ. ಇವನನ್ನು ದೋಣಿ ಹತ್ತಿಸಬೇಡಿ. ಇಲ್ಲೇ ಕೊಟ್ಟಿಗೆಯಲ್ಲಿ ಬಿದ್ದಿರಲಿ. ನಾಳೆ ತಟ್ಟಿ ಕಟ್ಟುದು ನಿಮ್ಮ ಇನ್ನೊಬ್ಬ ಆಳು ಶುಕೂರ್. ಇವನು ಗೇಟಿನಲ್ಲಿ ನಿಮ್ಮ ಕಾಲಬುಡದಲ್ಲಿ ಕೂರಲಿ, ಆಟ ಮುಗಿಯುವವರೆಗೆ. ತೂತು ಇಲ್ಲದಿದ್ರೆ ಕಳ್ಳ ಇವನೇ. ಪೊಲೀಸರಿಗೆ ಕೊಡಿ."

"ಇದ್ರೆ?"

"ಇದ್ರೆ ಇವನ ಕೈ ಹಿಡಿದು ಕ್ಷಮೆ ಕೇಳಿ."

ಜಮಾಲುದ್ದೀನ್ ನಕ್ಕ. ಅಂಥ ದಿನ ಬರುವುದಿಲ್ಲ ಎಂಬ ನಗು. "ಇಷ್ಟು ಬುದ್ಧಿ ಕಮಿಟಿಯಲ್ಲಿ ಒಬ್ಬನಿಗೂ ಇಲ್ಲ."

"ಇನ್ನೊಂದು. ನಾಳೆ ಓಣಿಗೆ ಒಬ್ಬ ಗಂಡಸನ್ನೂ ಬಿಡಬೇಡಿ. ಎರಡು ತುದಿಯಲ್ಲೂ ಆಳು ನಿಲ್ಲಿಸಿ."

"ನಿಲ್ಲಿಸ್ತೇನೆ. ಒಂದು ಗಂಡು ನಾಯಿಯನ್ನೂ ಬಿಡುದಿಲ್ಲ."

ಅಣ್ಣು ಬೀಫಾತಿಮ್ಮನ ಕಡೆ ನೋಡಿದ. "ತೂತು ಬೀಳ್ಲಿ ಅಂತ ನಾನೀಗ ಹರಕೆ ಹೇಳ್ಬೇಕಾ ಅಮ್ಮ? ನಿಮಗೆ ನಾನು ಎಂತ ಅನ್ಯಾಯ ಮಾಡಿದ್ದೇನೆ?"

"ನೀನು ಬಾಯಿ ಮುಚ್ಚಿ ಕೂರು. ಅಷ್ಟು ಮಾಡಿದ್ರೆ ಸಾಕು."

ಜಮಾಲುದ್ದೀನ್ ಅವನನ್ನು ಕೊಟ್ಟಿಗೆಗೆ ನೂಕಿ ಚಿಲಕ ಹಾಕಿದ. ಆಳುಗಳನ್ನು ಹುಡುಕಿಕೊಂಡು ಬಂದರಿನ ಕಡೆ ಹೋದ. ಕೊಟ್ಟಿಗೆಯೊಳಗಿನಿಂದ ಅಣ್ಣು ಒಮ್ಮೆ ಬಾಗಿಲು ಬಡಿದ.

ಹಬೀಬಾ ಚಾಪೆ ಎಳೆದುಕೊಂಡು ಹೆಣೆಯಲು ಕೂತಳು. ಬೀಫಾತಿಮ್ಮ ಸೀಳಿದ ಮಡಲೊಂದನ್ನು ಅವಳ ಮುಂದಕ್ಕೆ ತಳ್ಳಿದಳು. ತಲೆ ಎತ್ತಲಿಲ್ಲ. ದನಿ ಇಳಿಸಿ ಹೇಳಿದಳು:

"ಹಬೀಬಾ, ನೀನು ಗರಿ ಬಿಟ್ಟು ಹೆಣೆಯುವ ಆ ಎರಡು ಜಾಗ ಈ ಸಲ ಸ್ವಲ್ಪ ಮೇಲೆ ಇರ್ಲಿ. ನನಗೆ ಪ್ರತಿ ಸಲ ಅಷ್ಟು ಬಗ್ಗಿ ನೋಡ್ಲಿಕ್ಕೆ ಆಗುದಿಲ್ಲ."